ಗುಂಪು ತಂಡವಾಗುವ ಬಗೆ: ಪದವಿ ತರಗತಿಯಲ್ಲಿ ಕೂಡಿ ಕಲಿಯುವ ಕ್ರಮ



ತಮ್ಮ ದುಡಿಮೆಯ ಉಳಿತಾಯ ಇನ್ನೊಬ್ಬರ ಮಕ್ಕಳ ವಿದ್ಯೆಗೆ ಸಲ್ಲಲಿ ಎಂದು ದತ್ತಿ ಇಟ್ಟವರ ಋಣವನ್ನು ನೆನೆದು ಮಾತು ಆರಂಭಿಸುತ್ತೇನೆ. ತರಗತಿಯ ಒಳಗೆ ಏನಾಗುತ್ತಿದೆ, ಏನಾಗಬೇಕು ಎಂಬುದನ್ನೇ ಈ ಉಪನ್ಯಾಸದ ವಿಷಯವಾಗಿಸಲು ಒಪ್ಪಿದ ಸಮಿತಿಗೆ ಕೃತಜ್ಞತೆಗಳು.

ಪದವಿ ಮುಗಿಸಿದ ಮಕ್ಕಳ ಬಗ್ಗೆ ಎರಡು ದೂರುಗಳು ಎಲ್ಲ ಕಡೆಯಿಂದಲೂ ಕೇಳಿಬರುತ್ತವೆ. ನಾಲ್ಕು ಜನರೊಂದಿಗೆ ಸೇರಿ ಕೆಲಸ ಮಾಡಲು ಬಾರದು ಎಂಬುದು ಒಂದು. ತನಗೆ ತಿಳಿದದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಲು ಬಾರದು ಎಂಬುದು ಇನ್ನೊಂದು. ಈ ದೂರು ನೀತಿ ರೂಪಿಸುವವರ ಕಿವಿಗೂ ಬಿದ್ದಿದೆ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವವನ್ನು ಭಾರತ 2014ರಲ್ಲಿ ಪಡೆಯಿತು. ಅದಕ್ಕೆ ಹೊಂದುವ ಎಂಜಿನಿಯರಿಂಗ್ ಪದವೀಧರರ ಗುಣಗಳ ಪಟ್ಟಿಯಲ್ಲಿ ತಂಡದಲ್ಲಿ ದುಡಿಯುವುದು, ಸಂವಹನ ಎರಡೂ ಇವೆ. 2019ರಲ್ಲಿ ಎಂ.ಬಿ.ಬಿ.ಎಸ್. ಪಠ್ಯಕ್ರಮ ಬದಲಾದಾಗ ವೈದ್ಯರ ಮನೋಭಾವ, ನೀತಿ, ಸಂವಹನಕ್ಕೆಂದೇ ‘ಎಟ್‌ಕಾಮ್’ ಎಂಬ ಭಾಗ ಸೇರಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ಗುಣಗಳನ್ನು ಹೆಸರಿಸಿತು.

ಪಟ್ಟಿಗೆ ಸೇರಿದ್ದು ತರಗತಿಗೆ ಹೇಗೆ ಬಂತು? ಹೆಚ್ಚಿನ ಕಡೆ ಒಂದು ‘ಗ್ರೂಪ್ ಅಸೈನ್‌ಮೆಂಟ್’ ಆಗಿ, ಒಂದು ‘ಕಮ್ಯುನಿಕೇಶನ್ ಸ್ಕಿಲ್ಸ್’ ಪತ್ರಿಕೆಯಾಗಿ. ಮೊದಲನೆಯದರ ಮುಖಪುಟದಲ್ಲಿ ಐವರ ಹೆಸರಿರುತ್ತದೆ, ಒಳಗೆ ಒಬ್ಬರ ದುಡಿಮೆ ಇರುತ್ತದೆ. ಎರಡನೆಯದು ಇಂಗ್ಲಿಷಿನಲ್ಲಿ ತನ್ನ ಪರಿಚಯ ಹೇಳಿಕೊಳ್ಳುವ ಅಭ್ಯಾಸಕ್ಕೆ ಮುಗಿಯುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಕೂಡಿ ದುಡಿಯುವುದನ್ನು, ಕೇಳಿ ಮಾತಾಡುವುದನ್ನು ಉಪದೇಶದಿಂದ ಕಲಿಸಲಾಗದು. ಕೂಡದೆ, ಮಾತಾಡದೆ ಮುಂದೆ ಸಾಗಲಾಗದಂತೆ ಪಾಠವನ್ನೇ ಕಟ್ಟಬೇಕು. ಹಾಗೆ ಕಟ್ಟುವ ಒಂದು ಪರಿಚಿತ ಕ್ರಮಕ್ಕೆ ತಂಡಾಧಾರಿತ ಕಲಿಕೆ ಎಂದು ಹೆಸರು.

1. ಗುಂಪು ಮಾಡಿದರೆ ಸಾಕೆ?

ಜನರನ್ನು ಸೇರಿಸಿದ ಮಾತ್ರಕ್ಕೆ ಶಕ್ತಿ ಕೂಡುವುದಿಲ್ಲ. ಇದನ್ನು ಮೊದಲಿಗೆ ಅಳೆದು ತೋರಿಸಿದವರಲ್ಲಿ ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಒಬ್ಬರು. ಅವರು 1913ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಎಂಟು ಜನ ಸೇರಿ ಭಾರ ಎಳೆದಾಗ ದೊರೆತ ಬಲ ಅವರು ಒಬ್ಬೊಬ್ಬರಾಗಿ ಎಳೆದ ಬಲದ ಮೊತ್ತದ ಸುಮಾರು ಅರ್ಧ ಮಾತ್ರ. 1979ರಲ್ಲಿ ಬಿಬ್ ಲತಾನೆ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಚಪ್ಪಾಳೆ ಮತ್ತು ಕೂಗಿನ ಮೇಲೆ ಪ್ರಯೋಗ ಮಾಡಿದರು. ತನ್ನೊಂದಿಗೆ ಇತರರೂ ಕೂಗುತ್ತಿದ್ದಾರೆ ಎಂದು ನಂಬಿದರೆ ಸಾಕು, ಮನುಷ್ಯನ ಕೂಗು ತಗ್ಗುತ್ತಿತ್ತು. ಅದೇ ಸಂಶೋಧಕರು 1981ರಲ್ಲಿ ಇನ್ನೊಂದನ್ನು ಕಂಡರು: ಪ್ರತಿಯೊಬ್ಬರ ಪಾಲು ಎಷ್ಟೆಂದು ಗುರುತಿಸಬಹುದಾದ ಸನ್ನಿವೇಶದಲ್ಲಿ ಆ ಸಡಿಲಿಕೆ ಇಲ್ಲವಾಗುತ್ತದೆ. ಹಾಗಾದರೆ ನಮ್ಮ ಗ್ರೂಪ್ ಅಸೈನ್‌ಮೆಂಟಿನಲ್ಲಿ ದುಡಿಯದ ನಾಲ್ವರನ್ನು ಸೋಮಾರಿಗಳೆಂದು ಬೈದು ಪ್ರಯೋಜನವಿಲ್ಲ. ಅವರು ದುಡಿಯದಿರುವುದಕ್ಕೆ ಎಡೆ ಕೊಟ್ಟದ್ದು ನಾವು ಕೊಟ್ಟ ಕೆಲಸದ ಸ್ವರೂಪ.

ಎಲ್ಲರೂ ಉತ್ಸಾಹದಿಂದ ಮಾತಾಡಿದರೂ ಇನ್ನೊಂದು ತೊಡಕು ಉಳಿಯುತ್ತದೆ. ಗ್ಯಾರಾಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ 1985ರ ಪ್ರಯೋಗದಲ್ಲಿ ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ಯೋಗ್ಯ ಅಭ್ಯರ್ಥಿಯನ್ನು ಆರಿಸಲು ಗುಂಪುಗಳಿಗೆ ಹೇಳಿದರು. ಅಭ್ಯರ್ಥಿಗಳ ಕುರಿತ ಕೆಲವು ಸಂಗತಿಗಳನ್ನು ಎಲ್ಲರಿಗೂ, ಕೆಲವನ್ನು ಒಬ್ಬೊಬ್ಬರಿಗೆ ಮಾತ್ರ ತಿಳಿಸಿದ್ದರು. ಒಬ್ಬೊಬ್ಬರಲ್ಲೇ ಇದ್ದದ್ದು ಹೊರಬಂದಿದ್ದರೆ ಸರಿಯಾದ ಆಯ್ಕೆ ಸಾಧ್ಯವಿತ್ತು. ಆದರೆ ಗುಂಪುಗಳು ಎಲ್ಲರಿಗೂ ಗೊತ್ತಿದ್ದನ್ನೇ ಹೆಚ್ಚು ಮಾತಾಡಿದವು. ಬಿಡಿಯಾಗಿ ಹಂಚಿದ್ದ ತಿಳಿವಳಿಕೆ ಬಹುಮಟ್ಟಿಗೆ ಒಳಗೇ ಉಳಿಯಿತು. ನಮ್ಮ ತರಗತಿಯಲ್ಲಿ ಬೇಸಾಯದ ಮನೆಯಿಂದ ಬಂದ ಹುಡುಗನಿಗೆ ನೀರಾವರಿಯ ಬಗ್ಗೆ ಗೊತ್ತಿರುವುದು, ಸಂಜೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗಿಗೆ ಜಿ.ಎಸ್.ಟಿ. ಬಗ್ಗೆ ಗೊತ್ತಿರುವುದು ಹೀಗೆಯೇ ಒಳಗೆ ಉಳಿದುಬಿಡುತ್ತದೆ.

ಹಾಗೆಂದು ನಿರಾಶೆ ಬೇಕಿಲ್ಲ. ಅನಿತಾ ವೂಲಿ ಮತ್ತು ಸಂಗಡಿಗರು 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 699 ಜನರನ್ನು ಎರಡರಿಂದ ಐದು ಜನರ ಗುಂಪುಗಳಾಗಿಸಿ ಬಗೆಬಗೆಯ ಕೆಲಸ ಕೊಟ್ಟರು. ಗುಂಪಿನ ಸಾಮರ್ಥ್ಯಕ್ಕೂ ಅದರಲ್ಲಿದ್ದ ಅತಿ ಬುದ್ಧಿವಂತರ ಬುದ್ಧಿಮಟ್ಟಕ್ಕೂ ಗಾಢ ಸಂಬಂಧ ಕಾಣಲಿಲ್ಲ. ಮಾತಿನ ಸರದಿ ಎಲ್ಲರಿಗೂ ಸಮನಾಗಿ ಸಿಕ್ಕ ಗುಂಪುಗಳು, ಇತರರ ಮುಖಭಾವ ಗ್ರಹಿಸಬಲ್ಲವರಿದ್ದ ಗುಂಪುಗಳು ಮುಂದಿದ್ದವು. ಸರದಿ ಹಂಚಿಕೊಳ್ಳುವುದು, ಮುಖ ಓದುವುದು ಎರಡೂ ರೂಢಿಯಿಂದ ಬರುವಂಥವು. ಆದುದರಿಂದಲೇ ತರಗತಿಗೆ ಇಲ್ಲಿ ಕೆಲಸವಿದೆ.

2. ಒಕ್ಲಹೋಮಾದ ತರಗತಿ

1970ರ ದಶಕದ ಕೊನೆಯಲ್ಲಿ ಅಮೆರಿಕದ ಒಕ್ಲಹೋಮಾ ವಿಶ್ವವಿದ್ಯಾಲಯದಲ್ಲಿ ಲ್ಯಾರಿ ಮೈಕೆಲ್‌ಸನ್ ಎಂಬ ಪ್ರಾಧ್ಯಾಪಕರು ನಿರ್ವಹಣಾಶಾಸ್ತ್ರ ಕಲಿಸುತ್ತಿದ್ದರು. ಅವರ ತರಗತಿ 40 ವಿದ್ಯಾರ್ಥಿಗಳಿಂದ 120ಕ್ಕೆ ಏರಿತು. ಅಷ್ಟು ಜನ ಇದ್ದಲ್ಲಿ ಚರ್ಚೆ ಆಗದು, ಉಪನ್ಯಾಸವೇ ಗತಿ ಎಂಬುದು ಸಾಮಾನ್ಯ ತಿಳಿವಳಿಕೆ. ಅವರು ಒಪ್ಪಲಿಲ್ಲ. ತರಗತಿಯ ಬಹುಪಾಲು ಸಮಯವನ್ನು ತಂಡದ ಕೆಲಸಕ್ಕೆ ಬಿಟ್ಟುಕೊಟ್ಟರು. ಅಲ್ಲಿ ರೂಪುಗೊಂಡ ತಂಡಾಧಾರಿತ ಕಲಿಕೆಯ ಕ್ರಮ ಹೀಗಿದೆ.

ಐದರಿಂದ ಏಳು ಜನರ ತಂಡಗಳನ್ನು ಅಧ್ಯಾಪಕರೇ ಮಾಡುತ್ತಾರೆ, ಎಲ್ಲರೆದುರು, ಮಾಡುವ ಬಗೆಯನ್ನು ವಿವರಿಸಿ. ಆ ತಂಡ ಸೆಮಿಸ್ಟರ್ ಮುಗಿಯುವ ತನಕ ಬದಲಾಗುವುದಿಲ್ಲ. ಪ್ರತಿ ಘಟಕಕ್ಕೆ ಮುಂಚೆ ಓದಬೇಕಾದ ಪುಟಗಳನ್ನು ಗೊತ್ತುಮಾಡುತ್ತಾರೆ. ತರಗತಿಗೆ ಬಂದೊಡನೆ ಆ ಓದಿನ ಮೇಲೆ ಪ್ರತಿಯೊಬ್ಬರೂ ಬಹು ಆಯ್ಕೆ ಪ್ರಶ್ನೆಗಳ ಸಣ್ಣ ಪರೀಕ್ಷೆ ಬರೆಯುತ್ತಾರೆ. ಉತ್ತರ ಒಪ್ಪಿಸಿದ ಕೂಡಲೇ ಅದೇ ಪ್ರಶ್ನೆಗಳಿಗೆ ತಂಡವಾಗಿ ಮತ್ತೆ ಉತ್ತರಿಸುತ್ತಾರೆ. ಈ ಸುತ್ತಿಗೆ ಉಜ್ಜುವ ಕಾರ್ಡು ಬಳಸುವುದುಂಟು. ತಂಡ ಒಪ್ಪಿದ ಆಯ್ಕೆಯ ಮೇಲಿನ ಲೇಪ ಉಜ್ಜಿದಾಗ ನಕ್ಷತ್ರ ಕಂಡರೆ ಸರಿ. ಕಾಣದಿದ್ದರೆ ಮತ್ತೆ ಚರ್ಚಿಸಿ ಇನ್ನೊಂದು ಆಯ್ಕೆ, ಅಂಕ ಕಡಿಮೆ. ತಪ್ಪು ಅಲ್ಲೇ ತಿಳಿಯುತ್ತದೆ, ಯಾರ ಮಾತನ್ನು ಕೇಳಿ ತಪ್ಪಾಯಿತು, ಯಾರ ಮಾತನ್ನು ಕೇಳದೆ ತಪ್ಪಾಯಿತು ಎಂಬುದೂ ತಿಳಿಯುತ್ತದೆ.

ಆಮೇಲೆ ಮೇಲ್ಮನವಿ. ಅಧ್ಯಾಪಕರ ಉತ್ತರ ಸರಿಯಿಲ್ಲ ಅಥವಾ ಪ್ರಶ್ನೆಯೇ ಅಸ್ಪಷ್ಟ ಎನಿಸಿದರೆ ತಂಡವು ಪುಸ್ತಕದ ಆಧಾರ ತೋರಿಸಿ ಬರೆದು ಕೊಡಬಹುದು. ವಾದ ಗಟ್ಟಿಯಿದ್ದರೆ ಅಂಕ ಸಿಗುತ್ತದೆ. ಬಳಿಕ ಎಲ್ಲರೂ ಎಡವಿದ ಅಂಶದ ಮೇಲೆ ಮಾತ್ರ ಅಧ್ಯಾಪಕರ ಕಿರು ಉಪನ್ಯಾಸ. ಉಳಿದ ತರಗತಿಗಳೆಲ್ಲ ಕಲಿತದ್ದನ್ನು ಬಳಸಿ ನಿರ್ಧಾರ ಮಾಡುವ ಕೆಲಸಕ್ಕೆ ಮೀಸಲು.

ಇದು ಫಲ ಕೊಟ್ಟಿತೇ? ಮೈಕೆಲ್‌ಸನ್ ಮತ್ತು ಇಬ್ಬರು ಸಹ ಲೇಖಕರು 1989ರಲ್ಲಿ ಇಂಥ ತರಗತಿಗಳ 222 ತಂಡಗಳ ಅಂಕಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಶೇ. 97ರಷ್ಟು ತಂಡಗಳು ತಮ್ಮಲ್ಲಿದ್ದ ಅತ್ಯುತ್ತಮ ವಿದ್ಯಾರ್ಥಿಯನ್ನೂ ಮೀರಿಸಿದ್ದವು. ತರಗತಿಯ ಮೊದಲ ರ‍್ಯಾಂಕಿನವರಿಗೆ ತಂಡದಿಂದ ಏನು ಲಾಭ ಎಂದು ಕೇಳುವ ತಂದೆತಾಯಿಗಳಿಗೆ ಈ ಅಂಕಿಯೇ ಉತ್ತರ. 2001ರಲ್ಲಿ ಅಮೆರಿಕದ ಶಿಕ್ಷಣ ಇಲಾಖೆಯ ಅನುದಾನದಿಂದ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜು ಈ ಕ್ರಮವನ್ನು ವೈದ್ಯ ಶಿಕ್ಷಣದಲ್ಲಿ ಹರಡಲು ಮುಂದಾಯಿತು. ಸಿಂಗಪುರದ ಡ್ಯೂಕ್-ಎನ್‌ಯುಎಸ್ ವೈದ್ಯಕೀಯ ಶಾಲೆ 2007ರಲ್ಲಿ ತನ್ನ ಮೊದಲ ಬ್ಯಾಚಿನ ವಿದ್ಯಾರ್ಥಿಗಳಿಂದಲೇ ಇದನ್ನು ಅಳವಡಿಸಿಕೊಂಡಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ 1969ರಲ್ಲಿ ಆರಂಭವಾದ ಸಮಸ್ಯಾಧಾರಿತ ಕಲಿಕೆಗೆ ಪ್ರತಿ ಸಣ್ಣ ಗುಂಪಿಗೂ ಒಬ್ಬ ಮಾರ್ಗದರ್ಶಕ ಬೇಕು. ಮೈಕೆಲ್‌ಸನ್ ಕ್ರಮದಲ್ಲಿ ಒಂದೇ ಕೋಣೆಯ ಇಪ್ಪತ್ತು ತಂಡಗಳನ್ನು ಒಬ್ಬರೇ ನಡೆಸಬಹುದು. ಒಂದು ವಿಭಾಗಕ್ಕೆ ಇಬ್ಬರೋ ಮೂವರೋ ಅಧ್ಯಾಪಕರಿರುವ ನಮ್ಮ ಪ್ರಥಮ ದರ್ಜೆ ಕಾಲೇಜುಗಳಿಗೆ ಈ ಕ್ರಮ ಎಟುಕುವುದು ಈ ಕಾರಣದಿಂದ.

3. ಪ್ರಶ್ನೆ ಹೇಗಿರಬೇಕು?

ಇಡೀ ಕ್ರಮದ ಜೀವ ಇರುವುದು ಪ್ರಶ್ನೆಯಲ್ಲಿ. ತಂಡದ ಕೆಲಸಕ್ಕೆ ನಾಲ್ಕು ನಿಯಮಗಳನ್ನು ಹೇಳುತ್ತಾರೆ. ಸಮಸ್ಯೆ ಮಹತ್ವದ್ದಾಗಿರಬೇಕು. ಎಲ್ಲ ತಂಡಗಳಿಗೂ ಅದೇ ಸಮಸ್ಯೆ ಇರಬೇಕು. ಉತ್ತರ ಒಂದು ನಿರ್ದಿಷ್ಟ ಆಯ್ಕೆಯಾಗಿರಬೇಕು. ಎಲ್ಲ ತಂಡಗಳೂ ಆ ಆಯ್ಕೆಯನ್ನು ಏಕಕಾಲಕ್ಕೆ ಪ್ರಕಟಿಸಬೇಕು.

ಇದನ್ನು ನಮ್ಮದೇ ಪಾಠದ ಮೇಲೆ ಇಟ್ಟು ನೋಡೋಣ. ‘ಶಿವನಸಮುದ್ರ ಜಲವಿದ್ಯುತ್ ಯೋಜನೆಯ ಕುರಿತು ಗುಂಪಾಗಿ ಪ್ರಬಂಧ ಬರೆಯಿರಿ’ ಎಂದರೆ ಏನಾಗುತ್ತದೆ? ಒಬ್ಬರು ಪೀಠಿಕೆ, ಒಬ್ಬರು ಇತಿಹಾಸ, ಒಬ್ಬರು ಉಪಸಂಹಾರ ಹಂಚಿಕೊಳ್ಳುತ್ತಾರೆ. ಒಬ್ಬರು ಟೈಪ್ ಮಾಡಿಸಿ ಸ್ಪೈರಲ್ ಬೈಂಡಿಂಗ್ ಹಾಕಿಸುತ್ತಾರೆ. ಯಾರೂ ಯಾರೊಂದಿಗೂ ಮಾತಾಡುವ ಅಗತ್ಯವೇ ಬೀಳುವುದಿಲ್ಲ. ಹಂಚಿಕೊಂಡು ಮುಗಿಸಬಹುದಾದ ಕೆಲಸ ತಂಡವನ್ನು ಕಟ್ಟುವುದಿಲ್ಲ.

ಈಗ ಪ್ರಶ್ನೆಯನ್ನು ಬದಲಿಸೋಣ. ‘ನೀವು ಮೈಸೂರಿನ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸಲಹೆಗಾರರು. ಕಾವೇರಿಯ ವಿದ್ಯುತ್ತನ್ನು ಮೊದಲು ಯಾರಿಗೆ ಕೊಡಬೇಕು? ಕೋಲಾರದ ಚಿನ್ನದ ಗಣಿಗಳಿಗೋ, ಬೆಂಗಳೂರಿನ ಬೀದಿ ದೀಪಗಳಿಗೋ, ಮೈಸೂರು ನಗರಕ್ಕೋ? ಒಂದನ್ನು ಮಾತ್ರ ಆರಿಸಿ. ಅತಿ ಬಲವಾದ ಒಂದು ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯಿರಿ.’ ಇದನ್ನು ಹಂಚಿಕೊಳ್ಳಲಾಗದು. ಗಣಿ ಹಗಲಿರುಳು ನಡೆಯುತ್ತದೆ, ಹಣ ಖಾತ್ರಿ ಎಂದು ಒಬ್ಬಳು ಹೇಳುತ್ತಾಳೆ. ತಂತಿ ಎಳೆಯಬೇಕಾದ ದೂರ ಸುಮಾರು 147 ಕಿಲೋಮೀಟರ್ ಎಂದು ಇನ್ನೊಬ್ಬ ತಡೆಯುತ್ತಾನೆ. ಗಣಿಯ ಲಾಭ ಬ್ರಿಟಿಷ್ ಕಂಪನಿಗೆ ಹೋಗುತ್ತದಲ್ಲ, ಪ್ರಜೆಗಳಿಗೇನು ಎಂದು ಮೂರನೆಯವನು ಕೇಳುತ್ತಾನೆ. ಸರ್ಕಾರಕ್ಕೆ ಬರುವ ರಾಜಧನವನ್ನು ಲೆಕ್ಕಕ್ಕೆ ತಂದಿಲ್ಲವಲ್ಲ ಎಂದು ನಾಲ್ಕನೆಯವಳು ನೆನಪಿಸುತ್ತಾಳೆ. ಕೊನೆಗೆ ಎಲ್ಲ ತಂಡಗಳೂ ಒಮ್ಮೆಗೇ ಅ, ಆ, ಇ ಎಂಬ ಚೀಟಿ ಎತ್ತಿ ಹಿಡಿಯುತ್ತವೆ. ಪಕ್ಕದ ತಂಡ ನೋಡಿ ಬದಲಿಸಲು ಅವಕಾಶವಿಲ್ಲ. ಆಯ್ಕೆ ಬೇರೆಯಾದಲ್ಲಿ ನಿಜವಾದ ಚರ್ಚೆ ಹುಟ್ಟುತ್ತದೆ. ಆಮೇಲೆ ಅಧ್ಯಾಪಕರು ಚರಿತ್ರೆಯಲ್ಲಿ ನಡೆದದ್ದನ್ನು ಹೇಳುತ್ತಾರೆ: 1902ರಲ್ಲಿ ವಿದ್ಯುತ್ ಮೊದಲು ಹೋದದ್ದು ಗಣಿಗಳಿಗೆ, ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿದದ್ದು 1905ರಲ್ಲಿ. ಆ ಎರಡು ಇಸವಿಗಳನ್ನು ಆ ವಿದ್ಯಾರ್ಥಿಗಳು ಮರೆಯಲಾರರು, ಏಕೆಂದರೆ ಆ ತೀರ್ಮಾನದ ಕಷ್ಟವನ್ನು ಅವರು ತಾವೇ ಪಟ್ಟಿರುತ್ತಾರೆ.

4. ಮಾತು ಬೆಳೆಯುವ ಎಡೆಗಳು

ಸಂವಹನವನ್ನು ಪ್ರತ್ಯೇಕ ಪತ್ರಿಕೆಯಾಗಿ ಕಲಿಸುವಾಗ ಮಾತಿಗೆ ವಿಷಯವಿರುವುದಿಲ್ಲ, ಕೇಳುವವರಿಗೆ ಕಾರಣವಿರುವುದಿಲ್ಲ. ತಂಡದ ತರಗತಿಯಲ್ಲಿ ಮಾತು ಅನಿವಾರ್ಯವಾಗಿ ಬರುತ್ತದೆ. ತಂಡ ಪರೀಕ್ಷೆಯಲ್ಲಿ ‘ಬಿ ಉತ್ತರ ಸರಿ’ ಎಂದರೆ ಸಾಲದು, ಯಾಕೆ ಎಂದು ಹೇಳಬೇಕು. ಮೇಲ್ಮನವಿಯಲ್ಲಿ ಪುಟದ ಆಧಾರ ಕೊಟ್ಟು, ಕೋಪವಿಲ್ಲದೆ, ನಾಲ್ಕು ವಾಕ್ಯಗಳಲ್ಲಿ ವಾದ ಬರೆಯಬೇಕು. ನಮ್ಮ ಪದವಿ ಶಿಕ್ಷಣದಲ್ಲಿ ಇಷ್ಟು ಒಳ್ಳೆಯ ಬರವಣಿಗೆಯ ಅಭ್ಯಾಸ ಬೇರೆ ಕಡೆ ಸಿಗುವುದು ಅಪರೂಪ. ಚೀಟಿ ಎತ್ತಿದ ಮೇಲೆ ನೂರು ಜನರ ಎದುರು ಎದ್ದು ನಿಂತು ತನ್ನ ತಂಡದ ಪರವಾಗಿ ಮಾತಾಡಬೇಕು. ಒಬ್ಬಂಟಿಯಾಗಿ ನಿಲ್ಲಲು ಅಂಜುವವರಿಗೆ ಈ ‘ನಮ್ಮ ತಂಡದ ಅಭಿಪ್ರಾಯ’ ಎಂಬ ಆಸರೆ ಬಹಳ ದೊಡ್ಡದು.

ಕರಾವಳಿ ಮಲೆನಾಡಿನ ತಾಳಮದ್ದಳೆಯಲ್ಲಿ ಇದೇ ಶಿಸ್ತನ್ನು ಕಾಣಬಹುದು. ಅರ್ಥಧಾರಿಗಳ ಕೈಯಲ್ಲಿ ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಪ್ರಸಂಗವನ್ನೂ ಪುರಾಣವನ್ನೂ ಓದಿಕೊಂಡೇ ಬರಬೇಕು. ಎದುರಿನವರು ಏನು ಕೇಳುತ್ತಾರೋ ಮೊದಲೇ ಗೊತ್ತಿರುವುದಿಲ್ಲ. ಕೃಷ್ಣನ ಮಾತನ್ನು ಪೂರ್ತಿ ಕೇಳಿಸಿಕೊಳ್ಳದ ಕರ್ಣ ಉತ್ತರ ಹೇಳಲಾರ. ಎದುರಾಳಿಗೆ ಎಡೆ ಬಿಡದೆ ತಾನೊಬ್ಬನೇ ಮಾತಾಡಿದರೆ ಕೂಟವೇ ಕೆಡುತ್ತದೆ. ಸಿದ್ಧತೆ, ಆಲಿಸುವಿಕೆ, ಎಡೆ ಬಿಡುವುದು, ಪ್ರಸಂಗದ ಚೌಕಟ್ಟಿಗೆ ಮರಳುವುದು ಎಂಬ ನಾಲ್ಕೂ ತಂಡದ ಕಲಿಕೆಗೂ ಬೇಕಾದವು. ಅರ್ಥಧಾರಿಗಳು ಇದನ್ನು ಕಲಿತದ್ದು ಕೂಟದಲ್ಲಿ ಕೂತು. ನಮ್ಮ ವಿದ್ಯಾರ್ಥಿಗಳಿಗೂ ಕೂರಲು ಕೂಟ ಬೇಕು.

ಈಗ ಭಾಷೆಯ ಮಾತು. ಹತ್ತನೆಯ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಬಿ.ಎಸ್ಸಿ.ಯಲ್ಲಿ, ಬಿ.ಕಾಂ.ನಲ್ಲಿ, ಎಂಜಿನಿಯರಿಂಗಿನಲ್ಲಿ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂರುವುದನ್ನು ಕಾಣದ ಅಧ್ಯಾಪಕರು ಇಲ್ಲಿ ಯಾರೂ ಇರಲಾರರು. ಅವರಿಗೆ ವಿಷಯ ತಿಳಿಯದೆ ಮೌನ ಬಂದದ್ದಲ್ಲ. ತಿಳಿದದ್ದನ್ನು ಹೇಳುವ ಭಾಷೆಯ ಬಾಗಿಲು ಮುಚ್ಚಿದ್ದರಿಂದ ಬಂದದ್ದು. ನನ್ನ ಒತ್ತಾಯ ಇಷ್ಟು: ತಂಡದ ಒಳಗಿನ ಚರ್ಚೆ ಕನ್ನಡದಲ್ಲಿ ನಡೆಯಲಿ, ತುಳುವಿನಲ್ಲಿ, ಉರ್ದುವಿನಲ್ಲಿ, ಕೊಂಕಣಿಯಲ್ಲಿ ನಡೆಯಲಿ, ಇಂಗ್ಲಿಷ್ ಬೆರೆಯಲಿ. ಬರೆಯುವ ಒಂದು ವಾಕ್ಯ, ಹೇಳುವ ಒಂದು ಸಮರ್ಥನೆ ಪಠ್ಯದ ಭಾಷೆಯಲ್ಲಿರಲಿ. ವಿಚಾರ ಮೊದಲು ತನ್ನ ಭಾಷೆಯಲ್ಲಿ ಗಟ್ಟಿಯಾದರೆ ಇಂಗ್ಲಿಷ್ ವಾಕ್ಯಕ್ಕೆ ಧೈರ್ಯ ತಾನಾಗಿ ಬರುತ್ತದೆ. ಭಾಷೆ ಬಲ್ಲ ಗೆಳತಿ, ವಿಷಯ ಬಲ್ಲ ಗೆಳೆಯ ಒಂದೇ ತಂಡದಲ್ಲಿದ್ದಾಗ ಇಬ್ಬರೂ ಕಲಿಯುತ್ತಾರೆ.

ಇದಕ್ಕಾಗಿಯೇ ತಂಡಗಳನ್ನು ಅಧ್ಯಾಪಕರು ಮಾಡಬೇಕು. ಬಿಟ್ಟರೆ ಮಕ್ಕಳು ಹಾಸ್ಟೆಲಿನವರೊಂದಿಗೆ, ಊರವರೊಂದಿಗೆ, ಜಾತಿಯವರೊಂದಿಗೆ ಸೇರಿಕೊಳ್ಳುತ್ತಾರೆ. ಹುಡುಗರು ಬೇರೆ, ಹುಡುಗಿಯರು ಬೇರೆ ಆಗುತ್ತಾರೆ. ‘ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರು ಯಾರು? ಎಲ್ಲಾದರೂ ದುಡಿದ ಅನುಭವ ಯಾರಿಗಿದೆ? ಕಂಪ್ಯೂಟರ್ ಚೆನ್ನಾಗಿ ಬಲ್ಲವರು ಯಾರು?’ ಎಂದು ಕೇಳಿ, ಸಾಲು ನಿಲ್ಲಿಸಿ, ಒಂದು ಎರಡು ಮೂರು ಎಂದು ಎಣಿಸಿ ಹಂಚಿದರೆ ಪ್ರತಿ ತಂಡಕ್ಕೂ ಎಲ್ಲ ಬಗೆಯ ತಿಳಿವಳಿಕೆ ಸಿಗುತ್ತದೆ. ಅಂಕ, ಮನೆಯ ಆದಾಯ, ಮೀಸಲಾತಿ ಇವನ್ನು ಮಾತ್ರ ಎಲ್ಲರೆದುರು ಕೇಳಕೂಡದು. ಯಾರ ಮಾನವನ್ನೂ ಕುಂದಿಸದೆ ಬೆರೆಸುವುದು ಅಧ್ಯಾಪಕರ ಹೊಣೆ.

5. ಗೆಳೆಯರನ್ನು ಅಳೆಯುವುದು

ಸೆಮಿಸ್ಟರಿನ ನಡುವೆ ಮತ್ತು ಕೊನೆಯಲ್ಲಿ ಪ್ರತಿಯೊಬ್ಬರೂ ತಂಡದ ಉಳಿದವರ ಪಾಲನ್ನು ಅಳೆಯಬೇಕು. ನಮ್ಮಲ್ಲಿ ಹೆಚ್ಚು ಕಷ್ಟವಾಗುವ ಭಾಗ ಇದೇ. ಗೆಳೆಯನಿಗೆ ಕಡಿಮೆ ಅಂಕ ಕೊಡುವುದು ದ್ರೋಹ ಎಂಬ ಭಾವನೆ ಆಳವಾಗಿದೆ. ಆದ್ದರಿಂದ ನಡುವಿನ ಸುತ್ತಿನಲ್ಲಿ ಅಂಕ ಬೇಡ, ಎರಡು ವಾಕ್ಯಗಳು ಸಾಕು: ನಿನ್ನಿಂದ ನಮಗೆ ಆದ ಸಹಾಯ ಇದು, ಇದನ್ನು ಬದಲಿಸಿಕೊಂಡರೆ ಇನ್ನೂ ಚೆನ್ನ. ‘ನೀನು ಒಳ್ಳೆಯವನು’ ಎಂಬ ವಾಕ್ಯದಿಂದ ಯಾರಿಗೂ ಉಪಯೋಗವಿಲ್ಲ. ‘ನೀನು ಓದಿಕೊಂಡು ಬರುತ್ತೀಯ, ಆದರೆ ಉತ್ತರ ಹೇಳಿ ಸುಮ್ಮನಾಗುತ್ತೀಯ; ಕಾರಣವನ್ನೂ ಹೇಳಿದರೆ ನಮಗೂ ಅರ್ಥವಾಗುತ್ತದೆ’ ಎಂಬ ವಾಕ್ಯ ಒಬ್ಬನ ನಡೆಯನ್ನು ತಿದ್ದಬಲ್ಲದು. ಇಂಥ ವಾಕ್ಯ ಬರೆಯಲು ಕಲಿತವರು ಮುಂದೆ ಆಸ್ಪತ್ರೆಯಲ್ಲಿ, ಪಂಚಾಯಿತಿಯಲ್ಲಿ, ಶಾಲೆಯ ಸಿಬ್ಬಂದಿ ಸಭೆಯಲ್ಲಿ ಜಗಳವಾಡದೆ ಭಿನ್ನಾಭಿಪ್ರಾಯ ಹೇಳಬಲ್ಲರು.

6. ನಮ್ಮ ಕಾಲೇಜುಗಳಲ್ಲಿ ಆಗಬೇಕಾದ್ದು

ತೊಡಕುಗಳನ್ನು ಮುಚ್ಚಿಡುವುದಿಲ್ಲ. ಒಳ್ಳೆಯ ಪ್ರಶ್ನೆ ಬರೆಯುವುದು ಉಪನ್ಯಾಸ ಸಿದ್ಧಪಡಿಸುವುದಕ್ಕಿಂತ ಕಷ್ಟ. ಆರಂಭದಲ್ಲಿ ವಿದ್ಯಾರ್ಥಿಗಳು ‘ಮೇಷ್ಟ್ರು ಪಾಠ ಮಾಡುವುದಿಲ್ಲ’ ಎನ್ನುತ್ತಾರೆ. ಸಿಲಬಸ್ ಮುಗಿಸುವ ಒತ್ತಡವಿದೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. ಮುಂದಿನ ಸೆಮಿಸ್ಟರಿನಲ್ಲಿ ತಾನು ಇಲ್ಲಿರುತ್ತೇನೋ ಇಲ್ಲವೋ ಎಂದು ತಿಳಿಯದವರಿಂದ ಹೊಸ ಕ್ರಮವನ್ನು ಬಯಸುವ ಮೊದಲು ಅವರಿಗೆ ಭದ್ರತೆ ಕೊಡಬೇಕು. ಈ ಮಾತನ್ನು ಹೇಳದೆ ಬೋಧನಾ ಸುಧಾರಣೆಯ ಬಗ್ಗೆ ಮಾತಾಡುವುದು ನ್ಯಾಯವಲ್ಲ.

ಆದರೂ ಮಾಡಬಹುದಾದದ್ದು ಬಹಳಷ್ಟಿದೆ. ಒಂದು ಪತ್ರಿಕೆಯ ಒಂದೇ ಘಟಕದಿಂದ ಆರಂಭಿಸಬಹುದು. ಉಜ್ಜುವ ಕಾರ್ಡು ಇಲ್ಲದಿದ್ದರೆ ಮಡಚಿ ಅಂಟಿಸಿದ ಚೀಟಿ ಸಾಕು. ಕದಲದ ಬೆಂಚುಗಳಿದ್ದರೆ ಮುಂದಿನ ಸಾಲಿನ ಮೂವರು ಹಿಂದಕ್ಕೆ ತಿರುಗಿದರೆ ಆರು ಜನರ ತಂಡವಾಗುತ್ತದೆ. ಮುಂಚಿತ ಓದು ಹತ್ತು ಪುಟ ಮೀರದಿರಲಿ, ಸಾಧ್ಯವಾದಲ್ಲಿ ಅದರ ಕನ್ನಡ ರೂಪವೂ ಇರಲಿ. ಒಂದೇ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ಅಧ್ಯಾಪಕರು ವಿಷಯವಾರು ಕೂತು ಪ್ರಶ್ನೆಗಳನ್ನು ಬರೆದು ಹಂಚಿಕೊಂಡರೆ ಒಬ್ಬೊಬ್ಬರ ಭಾರ ಇಳಿಯುತ್ತದೆ. ಆಂತರಿಕ ಮೌಲ್ಯಮಾಪನದ ಅಂಕಗಳಲ್ಲಿ ಒಂದು ಪಾಲು ಒಬ್ಬೊಬ್ಬರ ಪರೀಕ್ಷೆಗೆ, ಒಂದು ಪಾಲು ತಂಡಕ್ಕೆ, ಒಂದು ಪಾಲು ಸಹಪಾಠಿಗಳ ಮೌಲ್ಯಮಾಪನಕ್ಕೆ ಇರಲಿ. ಎಷ್ಟೆಷ್ಟು ಎಂಬುದನ್ನು ಮೊದಲ ವಾರವೇ ವಿದ್ಯಾರ್ಥಿಗಳೊಂದಿಗೆ ಕೂತು ಗೊತ್ತುಮಾಡಬಹುದು. ವಿಶ್ವವಿದ್ಯಾಲಯದ ಅಂತಿಮ ಪರೀಕ್ಷೆಯಲ್ಲಿ ನೆನಪನ್ನು ಕೇಳುವ ಪ್ರಶ್ನೆಗಳ ನಡುವೆ ನಿರ್ಧಾರವನ್ನೂ ಕಾರಣವನ್ನೂ ಕೇಳುವ ಒಂದು ಪ್ರಶ್ನೆಯಾದರೂ ಇರಬೇಕು. ಪರೀಕ್ಷೆ ಬದಲಾಗದೆ ತರಗತಿ ಬಹುಕಾಲ ಬದಲಾಗಿ ಉಳಿಯದು.

ವಿದ್ಯಾರ್ಥಿ ಮಿತ್ರರೇ, ನಿಮಗೊಂದು ಮಾತು. ಓದಿಕೊಂಡು ಬಾರದೆ ತಂಡದಲ್ಲಿ ಕೂರಬೇಡಿ. ಅದು ಐವರ ಸಮಯವನ್ನು ಕಳೆಯುವುದು. ಗೊತ್ತಿದ್ದದ್ದನ್ನು ಬಚ್ಚಿಟ್ಟುಕೊಳ್ಳಬೇಡಿ, ನಿಮ್ಮ ಮನೆಯ, ಊರಿನ, ದುಡಿಮೆಯ ತಿಳಿವಳಿಕೆಯೂ ವಿದ್ಯೆಯೇ. ಒಪ್ಪದಿದ್ದರೆ ಕಾರಣ ಹೇಳಿ, ಕಾರಣ ಸರಿಯೆನಿಸಿದರೆ ಮನಸ್ಸು ಬದಲಿಸಿ. ಎರಡಕ್ಕೂ ಧೈರ್ಯ ಬೇಕು.

ಅಧ್ಯಾಪಕ ಬಂಧುಗಳೇ, ನಮ್ಮ ವಿದ್ಯಾರ್ಥಿಗಳು ಮುಂದೆ ಕುಳಿತುಕೊಳ್ಳುವ ಸಭೆಗಳಲ್ಲಿ ಊರಿನ ನೀರು, ರೋಗಿಯ ಚಿಕಿತ್ಸೆ, ಸೇತುವೆಯ ಭದ್ರತೆ, ಮಕ್ಕಳ ಶಾಲೆ ತೀರ್ಮಾನವಾಗುತ್ತವೆ. ಅಲ್ಲಿ ಒಬ್ಬರೇ ಬುದ್ಧಿವಂತರಾದರೆ ಸಾಲದು, ಒಬ್ಬರ ಬುದ್ಧಿ ಇನ್ನೊಬ್ಬರಿಗೆ ಮುಟ್ಟಬೇಕು. ಅದನ್ನು ಅಭ್ಯಾಸ ಮಾಡಲು ಹದಿನೆಂಟರಿಂದ ಇಪ್ಪತ್ತೊಂದರ ವಯಸ್ಸಿನ ಮೂರು ನಾಲ್ಕು ವರ್ಷ, ವಾರಕ್ಕೆ ಹತ್ತಾರು ಗಂಟೆ, ಅವರು ನಮ್ಮ ಕೈಯಲ್ಲಿರುತ್ತಾರೆ. ಈ ಸೆಮಿಸ್ಟರಿನಲ್ಲಿ ನಿಮ್ಮ ಪತ್ರಿಕೆಯ ಒಂದು ಘಟಕವನ್ನು ಆರಿಸಿಕೊಳ್ಳಿ, ಹಂಚಿಕೊಂಡು ಮುಗಿಸಲಾಗದ ಒಂದು ಪ್ರಶ್ನೆಯನ್ನು ಬರೆಯಿರಿ, ಅದನ್ನು ಪಕ್ಕದ ಕಾಲೇಜಿನ ಸಹೋದ್ಯೋಗಿಗೆ ಕಳಿಸಿ ತಿದ್ದಿಸಿಕೊಳ್ಳಿ. ನಾವೇ ತಂಡವಾಗಿ ದುಡಿದರೆ ಮಕ್ಕಳಿಗೆ ಹೇಳುವ ಹಕ್ಕು ನಮಗೆ ಬರುತ್ತದೆ.